ಮನೆಗೆ ತರುವ ಗಾಳಿ

ನೀರಿನ ವಿಷಯದಲ್ಲಿ ಇಗ್ನೇಶಿಯಸರ ಎದುರು ಬಾಯಿ ತೆರೆಯುವ ಧೈರ್ಯ ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ನಮ್ಮವರಲ್ಲಿ ಯಾರಿಗೂ ಇರಲಿಲ್ಲ. ಅವರು ಹುಟ್ಟಿದ್ದು ಉಳ್ಳಾಲದ ಕಡಲಿನಿಂದ ಕೂಗಳತೆಯ ದೂರದಲ್ಲಿ. ಹದಿನೆಂಟು ತುಂಬುವ ತನಕ ಮೊಗವೀರ ಮೀನುಗಾರರ ದೋಣಿಗಳನ್ನೇ ಹತ್ತಿ ಇಳಿದು ಬೆಳೆದವರು. ಆಮೇಲೆ ನೈರೋಬಿಗೆ ಬಂದು, ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪೊಂದರಲ್ಲಿ ನಲವತ್ತು ವರ್ಷ ಲೇತಿನ ಮುಂದೆ ನಿಂತು ಕಬ್ಬಿಣ ಕೊರೆದರು ಎನ್ನುವುದು ಬೇರೆ ವಿಷಯ. ಕಬ್ಬಿಣದ ಬಗ್ಗೆ ಅವರು ಒಂದು ಮಾತು ಆಡಿದ್ದನ್ನು ಯಾರೂ ಕೇಳಿಲ್ಲ. ಕಡಲಿನ ಬಗ್ಗೆ ಆಡದೆ ಬಿಟ್ಟ ದಿನವೂ ಇಲ್ಲ. ಸಮುದ್ರಮಟ್ಟದಿಂದ ಐದೂವರೆ ಸಾವಿರ ಅಡಿ ಎತ್ತರದಲ್ಲಿ, ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕುಳಿತು, ಕೆಳಗೆ ಮಟಾಟು ವ್ಯಾನುಗಳು ಹಾರನ್ ಬಾರಿಸುತ್ತಿರುವಾಗ, ಅವರು ಗಾಳಿಗೆ ಮೂಗು ಒಡ್ಡಿ "ಇವತ್ತು ಬಂಗುಡೆ ಬೀಳುವ ದಿನ" ಎನ್ನುತ್ತಿದ್ದರು.

ಈ ಮಾತುಗಳನ್ನೆಲ್ಲ ನಂಬಿದವನು ಒಬ್ಬ ರೊಯ್ಸ್ಟನ್. ಒಬ್ಬನೇ ಮಗ, ನೈರೋಬಿಯಲ್ಲೇ ಹುಟ್ಟಿದವನು. ಕಡಲು ನೋಡಿದ್ದು ರಜೆಗೆ ಊರಿಗೆ ಹೋದಾಗ ನಾಲ್ಕೈದು ಸಲ, ಅಷ್ಟೇ. ತಾಯಿ ತೀರಿಹೋಗಿ ಎಂಟು ವರ್ಷವಾಗಿತ್ತು. ಮದುವೆಯಾಗಿ, ಸ್ವಂತ ಏರ್‌ಕಂಡಿಶನ್ ರಿಪೇರಿ ಕಂಪನಿ ಮಾಡಿ, ಮೂವತ್ತೊಂಬತ್ತಕ್ಕೆ ಬಂದರೂ ಅವನಿಗೆ ಅಪ್ಪನ ಮಾತೆಂದರೆ ಬೈಬಲಿನ ಐದನೆಯ ಸುವಾರ್ತೆ. ಅವನ ಹೆಂಡತಿ ಜೆನಿಟಾ ಮೈಸೂರಿನಲ್ಲಿ ಬೆಳೆದವಳು, ಅವಳ ಕೊಂಕಣಿ ಅಷ್ಟಕ್ಕಷ್ಟೇ. ಹಾಗಾಗಿ ಆ ಮನೆಯಲ್ಲಿ ಮೂವರೂ ಆಡುತ್ತಿದ್ದದ್ದು ಕನ್ನಡ.

ರೊಯ್ಸ್ಟನ್‌ಗೆ ಗಾಳದ ಹುಚ್ಚು. ಹುಚ್ಚು ಹತ್ತಿಸಿದ್ದೂ ಅಪ್ಪನೇ. ಅವನದೊಂದು ಗೆಳೆಯರ ಗುಂಪಿತ್ತು, ಅದರಲ್ಲಿ ಒಂದು ವಿಚಿತ್ರ ಪದ್ಧತಿ. ಯಾರು ದೊಡ್ಡ ಮೀನು ಹಿಡಿದರು ಎಂಬುದು ಮುಖ್ಯವಲ್ಲ. ಒಂದೇ ಪ್ರವಾಸದಲ್ಲಿ ಎಷ್ಟು ಜಾತಿಯ ಮೀನು ಗಾಳಕ್ಕೆ ಬಿತ್ತು, ಅದು ಮುಖ್ಯ. ಐವತ್ತು ಕಿಲೋದ ಒಂದು ಪರ್ಚ್ ಎಳೆದವನಿಗಿಂತ ಬೆರಳುದ್ದದ ಆರು ಜಾತಿ ಹಿಡಿದವನೇ ದೊಡ್ಡವ. ಇದಕ್ಕೆ ದೇಶದ ಉತ್ತರದ ತುದಿಯ ತುರ್ಕಾನಾ ಸರೋವರಕ್ಕಿಂತ ಒಳ್ಳೆಯ ಜಾಗವಿಲ್ಲ. ಎರಡು ದಿನದ ದಾರಿ, ಕಲ್ಲುಬಂಡೆ, ಬೆಂಕಿಯಂಥ ಬಿಸಿಲು, ಅದರ ನಡುವೆ ಆಚೆ ದಡ ಕಾಣದಷ್ಟು ನೀರು.

ಹೋದ ಫೆಬ್ರವರಿಯಲ್ಲಿ ರೊಯ್ಸ್ಟನ್ ಅಲ್ಲಿಗೆ ಹೊರಟಾಗ ಜೊತೆಗಿದ್ದವನು ಅಮೋಘ್. ಬೆಂಗಳೂರಿನ ಹುಡುಗ, ಟೆಲಿಕಾಂ ಕಂಪನಿಯ ಕೆಲಸಕ್ಕೆಂದು ಬಂದು ನೈರೋಬಿಯ ಕಿಲೆಲೆಶ್ವಾದಲ್ಲಿ ಮನೆ ಮಾಡಿದ್ದವನು. ಮೀನು ಮುಟ್ಟಿ ತಿಂದವನಲ್ಲ. ಹಿಡಿದು, ಫೋಟೋ ತೆಗೆದು, ನೀರಿಗೆ ಬಿಡುತ್ತಿದ್ದ.

"ಹೇಳುವುದು ವೇದಾಂತ, ಹಾಕುವುದು ಗಾಳ ಅಂತ ನಿನ್ನನ್ನು ನೋಡಿಯೇ ಹೇಳಿದ್ದು ಮಾರಾಯ" ಎಂದು ಇಗ್ನೇಶಿಯಸರು ಅವನನ್ನು ಛೇಡಿಸಿ, ಇಬ್ಬರನ್ನೂ ಶಿಲುಬೆಯ ಗುರುತು ಮಾಡಿ ಕಳಿಸಿದರು.

ನಾಲ್ಕನೇ ದಿನ ಸಂಜೆ ಏಳಕ್ಕೆ ರೊಯ್ಸ್ಟನ್ ಫೋನ್ ಮಾಡಿದ. ಜೆನಿಟಾ ಚರ್ಚಿನಲ್ಲಿ ಹಾಡಿನ ಅಭ್ಯಾಸಕ್ಕೆ ಹೋಗಿದ್ದಳು. ಮನೆಯಲ್ಲಿ ಇಗ್ನೇಶಿಯಸರು ಒಬ್ಬರೇ.

"ಡ್ಯಾಡಿ, ಐದು ಆಯ್ತು!" ಅವನ ಧ್ವನಿಯಲ್ಲಿ ಹತ್ತು ವರ್ಷದ ಹುಡುಗನ ಸಡಗರ. "ಪರ್ಚ್, ತಿಲಾಪಿಯಾ, ಟೈಗರ್ ಫಿಶ್, ಮೀಸೆದು ಎರಡು ಥರ. ಇನ್ನೊಂದು ಸಿಕ್ಕಿದ್ರೆ ನಮ್ಮ ಗುಂಪಲ್ಲೇ ರೆಕಾರ್ಡ್. ಆದ್ರೆ ಎಕಾಯ್ ಒಪ್ಪಲ್ಲ."

ಎಕಾಯ್ ಅಂದರೆ ಬೋಟಿನವನು, ಆ ದಡದಲ್ಲೇ ಹುಟ್ಟಿದ ಮೀನುಗಾರ.

"ಎಂತ ಒಪ್ಪುವುದಿಲ್ಲ ಅವನು?"

"ಬೆಳಿಗ್ಗೆ ನೀರಿಗೆ ಇಳಿಯೋದೇ ಬೇಡ ಅಂತಾನೆ. ಮಧ್ಯಾಹ್ನ ಆಗ್ಲಿ, ಆಮೇಲೆ ಹೋಗೋಣ ಅಂತೆ. ಮಧ್ಯಾಹ್ನ ನಾವು ವಾಪಸ್ ಹೊರಡ್ಬೇಕಲ್ಲ ಡ್ಯಾಡಿ. ಅಮೋಘ್ ಬೇರೆ ಹೊಟ್ಟೆ ಕೆಟ್ಟು ಮಲಗಿದ್ದಾನೆ. ಬೋಟು ನಾನೇ ಓಡಿಸ್ತೀನಿ, ಅದೇನು ಕಷ್ಟ ಇಲ್ಲ. ನೀವೇನು ಹೇಳ್ತೀರಿ?"

ನೀವೇನು ಹೇಳ್ತೀರಿ ಎಂದು ಕೇಳಿದರೆ ಇಗ್ನೇಶಿಯಸರು ಹೇಳದೆ ಬಿಟ್ಟಾರೆಯೇ? ಆ ಸರೋವರವನ್ನು ಅವರು ಕಣ್ಣಾರೆ ಕಂಡವರಲ್ಲ. ನಕ್ಷೆಯಲ್ಲೂ ಸರಿಯಾಗಿ ನೋಡಿದವರಲ್ಲ.

"ಅವನಿಗೆ ಬೆಳಿಗ್ಗೆ ಏಳ್ಲಿಕ್ಕೆ ಉದಾಸೀನ, ಅದಕ್ಕೆ ಹಾಗೆ ಹೇಳ್ತಾನೆ" ಎಂದರು. "ನೀರು ಎಲ್ಲಿದ್ದರೂ ನೀರೇ. ಬೆಳಿಗ್ಗೆ ನೆಲದ ಗಾಳಿ, ಅದು ನಿನ್ನನ್ನು ಮೆಲ್ಲ ಹೊರಗೆ ಕೊಂಡುಹೋಗ್ತದೆ. ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ದಡಕ್ಕೆ ತರ್ತದೆ. ನಮ್ಮ ಮೊಗವೀರರು ಸಾವಿರ ವರ್ಷದಿಂದ ಹಾಗೆಯೇ ಹೋಗಿ ಬಂದದ್ದು. ಐದು ಗಂಟೆಗೆ ಇಳಿ, ಹನ್ನೊಂದಕ್ಕೆ ಬಾ."

"ಇಂಜಿನ್ ಕೈ ಕೊಟ್ರೆ?"

"ಕೊಟ್ಟರೆ ಕೊಡಲಿ. ಹುಟ್ಟು ಹಾಕಿ ರಟ್ಟೆ ಸೋಲಿಸಿಕೊಳ್ಬೇಡ. ಟಾರ್ಪಾಲು ಉಂಟಲ್ಲ, ಅದನ್ನು ಎತ್ತಿ ಕಟ್ಟಿ ಸುಮ್ಮನೆ ಕೂತುಕೋ. ಸಂಜೆಯ ಗಾಳಿ ನಿನ್ನನ್ನು ಮನೆಗೆ ತರ್ತದೆ. ಅವಸರ ಮಾಡಿದವರೇ ಮುಳುಗಿದ್ದು, ಕೂತವರು ಯಾರೂ ಸಾಯ್ಲಿಲ್ಲ."

ರೊಯ್ಸ್ಟನ್ ನಕ್ಕ. "ಸರಿ ಡ್ಯಾಡಿ" ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಗ್ನೇಶಿಯಸರು ಫೋನ್ ಇಟ್ಟು, ಮಗ ತನ್ನನ್ನು ಕೇಳಿದನಲ್ಲ ಎಂಬ ಸಂತೋಷದಲ್ಲಿ ಎರಡು ತುತ್ತು ಹೆಚ್ಚೇ ಉಂಡರು.

ಮರುದಿನ ಸಂಜೆ ಆರೂವರೆಗೆ ಬಂದದ್ದು ಅಮೋಘನ ಫೋನ್. ಜೆನಿಟಾ ಅದನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ರೊಯ್ಸ್ಟನ್ ಬೆಳಗಿನ ಜಾವ ಎಕಾಯ್ ಏಳುವ ಮೊದಲೇ ಬೋಟು ತೆಗೆದುಕೊಂಡು ಹೋಗಿದ್ದಾನೆ. ಎಂಟಕ್ಕೆಲ್ಲ ಗುಡ್ಡದ ಕಡೆಯಿಂದ ದೊಡ್ಡ ಗಾಳಿ ಎದ್ದಿದೆ. ಇನ್ನೂ ಬಂದಿಲ್ಲ.

"ಅಂಕಲ್, ಎಕಾಯ್ ಒಂದು ವಿಷಯ ಕೇಳ್ತಿದಾನೆ" ಎಂದ ಅಮೋಘ್. "ನಿನ್ನೆ ಸಂಜೆ ರೊಯ್ಸ್ಟನ್ ಲಾಸ್ಟ್ ಕಾಲ್ ಮಾಡಿದ್ದು ನಿಮಗೇ. ಎಲ್ಲಿಗೆ ಹೋಗ್ತೀನಿ, ಏನಾದ್ರೂ ಆದ್ರೆ ಏನ್ಮಾಡ್ತೀನಿ ಅಂತ ಏನಾದ್ರೂ ಹೇಳಿದ್ನಾ? ಇಲ್ಲಿರೋದು ಎರಡೇ ಬೋಟು. ಯಾವ ಕಡೆ ಹುಡುಕಬೇಕು ಅಂತ ಡಿಸೈಡ್ ಮಾಡ್ಬೇಕು."

ಜೆನಿಟಾ ಮಾವನ ಮುಖವನ್ನೇ ನೋಡುತ್ತಿದ್ದಳು. ಬೆಳಿಗ್ಗೆ ಹೋದದ್ದು ತಪ್ಪು ಎಂದು ಆಗಲೇ ಅಮೋಘ್ ಎರಡು ಸಲ ಹೇಳಿ ಆಗಿತ್ತು. ಅಲ್ಲಿ ಸಣ್ಣ ಮಕ್ಕಳಿಗೂ ಅದು ಗೊತ್ತಂತೆ.

"ಇಲ್ಲ" ಎಂದರು ಇಗ್ನೇಶಿಯಸರು. "ಊಟ ಆಯ್ತಾ ಅಂತ ಕೇಳಿದ, ಅಷ್ಟೇ."

ಯಾಕೆ ಹಾಗೆ ಹೇಳಿದರು? ನಾಲಿಗೆ ಅದರಷ್ಟಕ್ಕೇ ಹೇಳಿಬಿಟ್ಟಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅದಕ್ಕೆ ಮೊದಲೇ ತಿಳಿದಿತ್ತೋ ಏನೋ. ಅದೂ ಅಲ್ಲದೆ ಅವರಿಗೆ ಇನ್ನೂ ಧೈರ್ಯವಿತ್ತು. ಸಂಜೆಯಾಯಿತಲ್ಲ, ಈಗ ಗಾಳಿ ತಿರುಗುತ್ತದೆ, ಇನ್ನೇನು ಹುಡುಗ ದಡಕ್ಕೆ ಬರುತ್ತಾನೆ, ಬಂದ ಮೇಲೆ ತಾನೇ ನಕ್ಕು ಎಲ್ಲ ಹೇಳಿದರಾಯಿತು ಎಂದುಕೊಂಡರು. ಬಾಲ್ಕನಿಗೆ ಹೋಗಿ ಉತ್ತರಕ್ಕೆ ಮುಖ ಮಾಡಿ ನಿಂತರು.

ಗಾಳಿ ತಿರುಗಲಿಲ್ಲ. ಅಲ್ಲಿ ಗಾಳಿ ತಿರುಗುವುದೇ ಇಲ್ಲ ಎಂದು ಮರುದಿನ ಬೆಳಿಗ್ಗೆ ಅಮೋಘನೇ ವಿವರಿಸಿದ. "ಇಲ್ಲಿ ವರ್ಷಪೂರ್ತಿ ಒಂದೇ ಕಡೆಯಿಂದ ಅಂಕಲ್, ನಾವಿರೋ ಈ ಪೂರ್ವದ ದಡದಿಂದ ಆಚೆಗೆ. ರಾತ್ರಿ ಬೀಸತ್ತೆ, ಬೆಳಿಗ್ಗೆ ಬೀಸತ್ತೆ. ಮಧ್ಯಾಹ್ನ ನಾಲ್ಕೈದು ಗಂಟೆ ಹೊತ್ತು ನಿಲ್ಲತ್ತೆ, ಅಷ್ಟೇ. ವಾಪಸ್ ತರೋ ಗಾಳಿ ಅಂತ ಇಲ್ಲವೇ ಇಲ್ಲ. ಇಂಜಿನ್ ಹೋದ್ರೆ, ಗಾಳಿ ನಿಂತಾಗ ಎಲ್ರೂ ಹುಟ್ಟು ಹಾಕ್ಕೊಂಡು ದಡಕ್ಕೆ ಬರ್ತಾರಂತೆ. ರೊಯ್ಸ್ಟನ್ ಕೂಡ ಹಾಗೇ ಮಾಡಿರ್ತಾನೆ, ಎಲ್ಲೋ ಉತ್ತರಕ್ಕೆ ಈ ದಡದಲ್ಲೇ ಹತ್ತಿರ್ತಾನೆ ಅಂತ ಎಕಾಯ್ ಹೇಳ್ತಾನೆ. ಎರಡೂ ಬೋಟು ಈ ದಡದಗುಂಟ ಕಳಿಸ್ತಿದೀವಿ."

ಮಗ ಹುಟ್ಟು ಹಾಕುವುದಿಲ್ಲ ಎಂದು ಜಗತ್ತಿನಲ್ಲಿ ಗೊತ್ತಿದ್ದದ್ದು ಇಗ್ನೇಶಿಯಸರೊಬ್ಬರಿಗೆ. ಅವನು ಟಾರ್ಪಾಲು ಕಟ್ಟಿಕೊಂಡು, ಅಪ್ಪ ಹೇಳಿದ ಗಾಳಿಗಾಗಿ ಕೈಕಟ್ಟಿ ಕೂತಿರುತ್ತಾನೆ. ಕತ್ತಲಾದ ಮೇಲೆ ಎದ್ದ ಗಾಳಿ ಅವನನ್ನು ಆಚೆ ದಡಕ್ಕೆ ಹೊಡೆದುಕೊಂಡು ಹೋಗಿರುತ್ತದೆ. ಇಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕು? ಒಂದು ನಿಮಿಷ ಸಾಕು.

ಹೇಳಬೇಕೆಂದೇ ಅವರು ಅಡುಗೆಮನೆಯ ಬಾಗಿಲಿಗೆ ಹೋದರು. ಜೆನಿಟಾ ಕೆಲಸಕ್ಕೆ ರಜೆ ಹಾಕಿ, ಒಲೆ ಹೊತ್ತಿಸದೆ, ಸುಮ್ಮನೆ ಕಟ್ಟೆಗೆ ಒರಗಿ ನಿಂತಿದ್ದಳು. ಮಾವನನ್ನು ಕಂಡು ಕಣ್ಣೊರೆಸಿಕೊಂಡಳು.

"ಪಪ್ಪಾ, ನನಗೆ ಒಂದೇ ಧೈರ್ಯ. ಅವರು ನಿಮ್ಮ ಕೈಯಲ್ಲಿ ಕಲಿತವರು. ಬೇರೆ ಯಾರಾದ್ರೂ ಆಗಿದ್ರೆ ನಾನು ಆಸೆ ಬಿಟ್ಟಿರ್ತಿದ್ದೆ. ನೀರಲ್ಲಿ ಏನು ಮಾಡ್ಬೇಕು ಅಂತ ಅವರಿಗೆ ನೀವು ಹೇಳಿಕೊಟ್ಟಿದ್ದೀರಿ."

ಬಾಯಿಗೆ ಬಂದ ಮಾತು ಬಿಸಿ ತುಪ್ಪವಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. "ಹೌದು ಮಗಾ" ಎಂದು ಅವಳ ತಲೆ ಸವರಿ ಹೊರಗೆ ಬಂದರು. ನನಗೆ ಇಲ್ಲಿ ಅವರ ಮೇಲೆ ಸಿಟ್ಟು ಬರುತ್ತದೆ, ಕೇಳುವ ನಿಮಗೂ ಬರಬೇಕು. ಆದರೆ ಸೊಸೆಯ ಆ ಕಣ್ಣುಗಳ ಎದುರು ನಿಂತು, ನಿನ್ನ ಗಂಡನನ್ನು ನೀರಿಗೆ ಕಳಿಸಿದವನು ನಾನೇ ಎನ್ನುವುದು ಸುಲಭವಲ್ಲ. ನಲವತ್ತು ವರ್ಷ ಕಟ್ಟಿದ ಹೆಸರು ಅದು. ಆ ಹೆಸರು ಬಿಟ್ಟರೆ ಮುದುಕನ ಹತ್ತಿರ ಉಳಿದದ್ದು ಲೇತಿನ ಸದ್ದಿಗೆ ಮಂದವಾದ ಒಂದು ಕಿವಿ.

ಮೂರನೆಯ ದಿನ ಅವರು ಒಂದು ಉಪಾಯ ಮಾಡಿದರು. ಕೆಳಗೆ ಪಾರ್ಕಿಂಗಿಗೆ ಇಳಿದು ಹೋಗಿ, ಯಾರಿಗೂ ಕೇಳಿಸದ ಹಾಗೆ ಅಮೋಘನಿಗೆ ಫೋನ್ ಮಾಡಿದರು.

"ಆಚೆ ದಡ ಒಮ್ಮೆ ನೋಡ್ತೀರಾ?"

"ಯಾಕೆ ಅಂಕಲ್? ಏನಾದ್ರೂ ಗೊತ್ತಾಯ್ತಾ?"

"ಇಲ್ಲ, ಹಾಗೆ ಅನ್ನಿಸ್ತು."

ಅಮೋಘ್ ಎಕಾಯ್ ಜೊತೆ ಮುರುಕು ಸ್ವಾಹಿಲಿಯಲ್ಲಿ ಮಾತಾಡುವುದು ಕೇಳಿಸಿತು. ಆಮೇಲೆ ಬಂದು ಹೇಳಿದ: "ಆಚೆ ಹೋಗಿ ಬರೋಕೆ ಎರಡು ದಿನ ಬೇಕಂತೆ, ಪೆಟ್ರೋಲೂ ಅಷ್ಟಿಲ್ಲ. ಈ ಕಡೆ ಇನ್ನೂ ಅರ್ಧ ದಡ ಬಾಕಿ ಇದೆ. ಬರೀ ಅನಿಸಿಕೆ ಮೇಲೆ ಬೋಟು ಕಳಿಸೋದು ಹೇಗೆ ಅಂತಿದಾನೆ. ರೊಯ್ಸ್ಟನ್ ಏನಾದ್ರೂ ಹೇಳಿದ್ರೆ ಹೇಳಿ ಅಂಕಲ್, ಈಗ್ಲೇ ಹೋಗ್ತಾರೆ."

ಪಾರ್ಕಿಂಗಿನಲ್ಲಿ ಕಾವಲುಗಾರ ಯಾರದೋ ಕಾರು ತೊಳೆಯುತ್ತಿದ್ದ. ಬಕೆಟ್ಟಿನ ನೀರು ಸಿಮೆಂಟಿನ ಮೇಲೆ ಹರಿದು ಇಗ್ನೇಶಿಯಸರ ಚಪ್ಪಲಿ ಒದ್ದೆಯಾಯಿತು. ಆಗಲಾದರೂ ಹೇಳಬಹುದಿತ್ತು. ಆದರೆ ಮೊದಲ ದಿನವೇ ಇಲ್ಲ ಎಂದು ಹೇಳಿಯಾಗಿದೆ. ಈಗ ಹೌದು ಎಂದರೆ, ಎರಡು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಒಂದು ತಪ್ಪು ಎರಡಾಗಿತ್ತು.

"ಏನೂ ಹೇಳ್ಲಿಲ್ಲ" ಎಂದರು.

ಜೆನಿಟಾ ಕಳೆದುಹೋದವರನ್ನು ಹುಡುಕಿಕೊಡುವ ಸಂತ ಅಂತೋನಿಯವರಿಗೆ ಒಂದೇ ಸಮನೆ ಮೊರೆಯಿಡುತ್ತಿದ್ದಳು. ಇಗ್ನೇಶಿಯಸರೂ ಪಕ್ಕದಲ್ಲಿ ಮೊಣಕಾಲೂರುತ್ತಿದ್ದರು. ಸಂತನಿಗೆ ದಾರಿ ಹೇಳಬೇಕಾದವರು ತಾವೇ ಎಂದು ಗೊತ್ತಿದ್ದೂ ಪ್ರಾರ್ಥನೆಗೆ ದನಿ ಸೇರಿಸುತ್ತಿದ್ದರು. ಐದನೆಯ ದಿನ ಪೂರ್ವದ ದಡ ಪೂರ್ತಿ ಮುಗಿಯಿತು. ಆಮೇಲೆ ಎಕಾಯ್ ಪೆಟ್ರೋಲ್ ಹೊಂದಿಸಿಕೊಂಡು ಆಚೆ ದಡಕ್ಕೆ ಹೊರಟ. ಏಳನೆಯ ದಿನ ಮಧ್ಯಾಹ್ನ, ಕರಿಕಲ್ಲಿನ ಒಂದು ಸಣ್ಣ ಕೊಲ್ಲಿಯಲ್ಲಿ, ಜನವಸತಿಯಿಲ್ಲದ ಜಾಗದಲ್ಲಿ, ಬೋಟು ಸಿಕ್ಕಿತು. ಬೋಟಿನ ನೆರಳಿನಲ್ಲಿ ರೊಯ್ಸ್ಟನ್ ಮಲಗಿದ್ದ. ಜೀವ ಇರಲಿಲ್ಲ.

ಸಣ್ಣ ವಿಮಾನದಲ್ಲಿ ದೇಹ ನೈರೋಬಿಗೆ ಬಂತು. ಸಮಾಧಿ ಮಾಡಿದ ದಿನ ನಮ್ಮವರೆಲ್ಲ ಬಂದು, ಗಂಜಿ ಉಪ್ಪಿನಕಾಯಿ ಉಂಡು, ಇಗ್ನೇಶಿಯಸರ ಕೈ ಹಿಡಿದು, "ನಿಮ್ಮಂಥ ನೀರು ಬಲ್ಲವರ ಮನೆಯಲ್ಲೇ ಹೀಗಾಯ್ತಲ್ಲ" ಎಂದು ಹೇಳಿ ಹೋದರು. ಅವರು ಪ್ರತಿಯೊಬ್ಬರಿಗೂ ತಲೆಯಾಡಿಸಿದರು.

ಮೂರು ದಿನದ ನಂತರ ಬೆಳಿಗ್ಗೆ ಹತ್ತರ ಹೊತ್ತಿಗೆ ಅಮೋಘ್ ಎಕಾಯ್‌ನನ್ನು ಮನೆಗೆ ಕರೆದುಕೊಂಡು ಬಂದ. ರೊಯ್ಸ್ಟನ್ನನ ಚೀಲ ತಲುಪಿಸಬೇಕೆಂದು ಎಕಾಯ್ ಎರಡು ದಿನ ಲಾರಿ, ಬಸ್ಸು ಹತ್ತಿ ಬಂದಿದ್ದ. ಎತ್ತರದ, ಸಣಕಲು ಮನುಷ್ಯ; ನಲವತ್ತೈದಿರಬಹುದು. ಸೋಫಾದ ಅಂಚಿನಲ್ಲಿ ಕುಳಿತ. "ಪೊಲೆ ಸಾನಾ, ಮಾಮಾ" ಎಂದು ಜೆನಿಟಾಗೆ, "ಪೊಲೆ ಸಾನಾ, ಮ್ಜೇ" ಎಂದು ಇಗ್ನೇಶಿಯಸರಿಗೆ, ಬಹಳ ದುಃಖವಾಯಿತೆಂದು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ. ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ, ಮ್ಜೇ ಎಂದರೆ ಹಿರಿಯ.

ಜೆನಿಟಾ ಅವನಿಗೆ ಚಹಾ ಕೊಟ್ಟು ಎದುರಿಗೆ ಕುಳಿತಳು. ಹುಟ್ಟಿದಂದಿನಿಂದ ಅಳುತ್ತಲೇ ಇದ್ದವಳ ಹಾಗೆ ಅವಳ ಕಣ್ಣು ಊದಿತ್ತು. ನಡೆದದ್ದನ್ನೆಲ್ಲ ಹೇಳು, ಏನನ್ನೂ ಮುಚ್ಚಬೇಡ ಎಂದು ಸ್ವಾಹಿಲಿಯಲ್ಲಿ ಕೇಳಿದಳು.

ಅವನು ಕಪ್ಪನ್ನು ಕೆಳಗಿಟ್ಟು ಹೇಳಿದ. ಇಂಜಿನ್ನಿನೊಳಗೆ ನೀರು ಹೋಗಿ ಅದು ಸತ್ತಿತ್ತು. ದಡಕ್ಕೆ ಬಿದ್ದ ಮೇಲೂ ನಿನ್ನ ಗಂಡ ಧೈರ್ಯಗೆಡಲಿಲ್ಲ. ಮೀನು ಹಿಡಿದು, ಸೀಳಿ, ಕಲ್ಲಿನ ಮೇಲೆ ಒಣಗಿಸಿದ್ದಾನೆ. ಕುಡಿಯುವ ನೀರು ಮುಗಿದ ಮೇಲೆ ಸರೋವರದ ಉಪ್ಪುನೀರನ್ನೇ ಕುಡಿದಿದ್ದಾನೆ, ಅದು ಹೊಟ್ಟೆಗೆ ಹಿಡಿದಿಲ್ಲ. ಕೊನೆಯದಾಗಿ ಸೀಳಿದ ಮೀನು ಇನ್ನೂ ಪೂರ್ತಿ ಒಣಗಿರಲಿಲ್ಲ. ನಾವು ಹೋಗುವ ಹಿಂದಿನ ದಿನದವರೆಗೂ ಅವನು ಬದುಕಿದ್ದ.

ಜೆನಿಟಾ ಬಾಯಿಗೆ ಸೆರಗು ಒತ್ತಿಕೊಂಡಳು. ಅಮೋಘ್ ಗೋಡೆಯ ಕಡೆ ತಿರುಗಿದ.

"ಒಂದು ಮಾತ್ರ ನನಗೆ ತಿಳಿಯುವುದಿಲ್ಲ, ಮಾಮಾ" ಎಂದ ಎಕಾಯ್. "ಬೋಟಿನಲ್ಲಿ ಎರಡು ಹುಟ್ಟು ಇದ್ದವು. ಎರಡೂ ಕಟ್ಟಿದ್ದು ಕಟ್ಟಿದ ಹಾಗೇ ಇವೆ, ನಾನು ಹಾಕಿದ ಗಂಟು ಬಿಚ್ಚಿಲ್ಲ. ಆ ದಿನ ಮಧ್ಯಾಹ್ನ ನೀರು ತಟ್ಟೆಯಲ್ಲಿಟ್ಟ ಹಾಗೆ ಇತ್ತು. ಅಷ್ಟು ಗಟ್ಟಿ ಮನುಷ್ಯ, ನಾಲ್ಕು ಗಂಟೆ ಹುಟ್ಟು ಹಾಕಿದ್ದರೆ ದಡ. ಅದರ ಬದಲು ಗಾಳದ ಕೋಲುಗಳನ್ನು ನಿಲ್ಲಿಸಿ ಟಾರ್ಪಾಲು ಕಟ್ಟಿದ್ದಾನೆ. ಯಾಕೆ ಕೂತ? ಯಾವ ಗಾಳಿಗೆ ಕಾದ? ನಮ್ಮ ನೀರಿನಲ್ಲಿ ಯಾರೂ ಹಾಗೆ ಕೂರುವುದಿಲ್ಲ. ಅದಕ್ಕೇ ನಾನು ನಾಲ್ಕು ದಿನ ಈಚೆ ದಡದಲ್ಲಿ ಹುಡುಕಿದೆ."

ಜೆನಿಟಾ ಮಾವನ ಕಡೆ ತಿರುಗಿದಳು. ಅವಳಿಗೆ ಸಂಶಯವೇನೂ ಇರಲಿಲ್ಲ. ನೀರಿನ ವಿಷಯ ಬಂದಾಗ ಆ ಮನೆಯಲ್ಲಿ ಎಲ್ಲರೂ ತಿರುಗುತ್ತಿದ್ದದ್ದು ಆ ಕಡೆಗೇ.

"ಯಾಕೆ ಪಪ್ಪಾ? ಅವರು ಯಾಕೆ ಸುಮ್ಮನೆ ಕೂತ್ರು?"

ಇಗ್ನೇಶಿಯಸರು ಎದ್ದು ನಿಂತರು. ಕೂತು ಹೇಳುವ ಮಾತಲ್ಲ ಎನಿಸಿತೋ ಏನೋ.

"ನಾನು ಹೇಳಿದ್ದೆ" ಎಂದರು. "ಬೆಳಿಗ್ಗೆಯೇ ಇಳಿ ಅಂದದ್ದೂ ನಾನು. ಇಂಜಿನ್ ನಿಂತರೆ ಹುಟ್ಟು ಮುಟ್ಟಬೇಡ, ಟಾರ್ಪಾಲು ಕಟ್ಟಿ ಕೂತುಕೋ, ಸಂಜೆಯ ಗಾಳಿ ಮನೆಗೆ ತರ್ತದೆ ಅಂದದ್ದೂ ನಾನೇ. ಆ ದಿನ ಫೋನಿನಲ್ಲಿ."

ಕನ್ನಡ ತಿಳಿಯದ ಎಕಾಯ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಅಮೋಘ್ ತಗ್ಗಿದ ದನಿಯಲ್ಲಿ ಅವನಿಗೆ ಅದನ್ನು ಹೇಳಿದ. ಹೇಳುತ್ತಾ ಹೇಳುತ್ತಾ, ಪಾರ್ಕಿಂಗಿನಿಂದ ಬಂದಿದ್ದ ಆ ಫೋನ್ ನೆನಪಾಗಿರಬೇಕು, ನಡುವೆ ನಿಲ್ಲಿಸಿ ಇಗ್ನೇಶಿಯಸರನ್ನು ದಿಟ್ಟಿಸಿದ.

ಜೆನಿಟಾಗೆ ಕೋಪ ಬರಲೆಂದು ಇಗ್ನೇಶಿಯಸರು ಕಾದರು. ಬೈಯಲಿ, ಹೊಡೆಯಲಿ, ಮನೆಯಿಂದ ಆಚೆ ನಡೆ ಎನ್ನಲಿ. ಅವಳು ಮಾವನನ್ನು ನೋಡಲೂ ಇಲ್ಲ. ಎಕಾಯ್ ಕಡೆ ಬಾಗಿ, ಆಸ್ಪತ್ರೆಯ ಲ್ಯಾಬಿನಲ್ಲಿ ರಿಪೋರ್ಟು ಓದುವವಳ ಧ್ವನಿಯಲ್ಲಿ ಕೇಳಿದಳು.

"ಮೊದಲನೇ ದಿನ ಸಂಜೆಯೇ ನಿನಗೆ ಇದು ಗೊತ್ತಾಗಿದ್ದರೆ?"

ಎಕಾಯ್ ಮುದುಕನನ್ನು ನೋಡಿದ, ಮತ್ತೆ ತನ್ನ ಕೈಗಳನ್ನು ನೋಡಿಕೊಂಡ. ಅವನ ಊರಲ್ಲೂ ಹಿರಿಯರ ಎದುರು ಹೇಳಬಾರದ ಮಾತುಗಳಿವೆ.

"ಸತ್ಯ ಹೇಳು" ಎಂದಳು ಜೆನಿಟಾ.

"ಗಾಳಿ ಎಲ್ಲಿ ಹಾಕುತ್ತದೆ ಅಂತ ನಮಗೆ ಗೊತ್ತು" ಎಂದ ಅವನು. "ನೆಟ್ಟಗೆ ಅಲ್ಲಿಗೇ ಹೋಗುತ್ತಿದ್ದೆ. ಎರಡನೇ ದಿನ ಕತ್ತಲಾಗುವ ಮೊದಲು, ಇಲ್ಲವಾದರೆ ಮೂರನೇ ದಿನ ಮಧ್ಯಾಹ್ನ."

"ಆಗ ಅವರು ಬದುಕಿದ್ದರು."

"ಹೌದು, ಮಾಮಾ. ಆಗ ಇನ್ನೂ ಅವನ ಹತ್ತಿರ ಕುಡಿಯುವ ನೀರೇ ಇತ್ತು."

ಎಕಾಯ್ ಹೊರಟ. ಜೆನಿಟಾ ಬಾಗಿಲ ತನಕ ಹೋಗಿ, ಅವನ ಎರಡೂ ಕೈ ಹಿಡಿದು, ಅಸಾಂಟೆ ಎಂದು ಕೃತಜ್ಞತೆ ಹೇಳಿ ಕಳಿಸಿದಳು. ಅಮೋಘ್ ಇಗ್ನೇಶಿಯಸರಿಗೆ ಹೇಳದೆಯೇ ಮೆಟ್ಟಿಲಿಳಿದ. ಬಾಗಿಲು ಹಾಕಿ ಬಂದು ಅವಳು ಕಪ್ಪುಗಳನ್ನು ಎತ್ತಿದಳು, ತೊಳೆದಳು, ಒರೆಸಿ ಕಪಾಟಿನಲ್ಲಿ ಜೋಡಿಸಿದಳು. ಇಗ್ನೇಶಿಯಸರು ನಿಂತಲ್ಲೇ ನಿಂತಿದ್ದರು. ಇನ್ನು ಈ ಮನೆಯಲ್ಲಿರುವುದು ಇಬ್ಬರೇ, ಇಬ್ಬರಿಗೂ ಹೋಗಲು ಬೇರೆ ಜಾಗವಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು.

"ಜೆನಿಟಾ" ಎಂದರು. "ಏನಾದರೂ ಹೇಳು ಮಗಾ. ಬೈಯಾದರೂ ಬೈ."

ಅವಳು ಕೈ ಒರೆಸಿಕೊಳ್ಳುತ್ತಾ ತಿರುಗಿದ್ದು ಆಗಲೇ.

"ನಾನು ಹೇಳೋದೇನಿದೆ ಪಪ್ಪಾ?" ಎಂದಳು. "ಹೇಳ್ಬೇಕಾಗಿದ್ದವರು ನೀವು."

ಆಮೇಲೆ ಅವಳು ಮಧ್ಯಾಹ್ನಕ್ಕೆ ಇಬ್ಬರಿಗಾಗುವಷ್ಟು ಅಕ್ಕಿ ತೊಳೆದಿಟ್ಟಳು.